ಬೆಳಕನ್ನು ಅಳೆದು ಕೊಡುವ ಗಾಜು

ಗೃಹಸ್ಥರಾದ ವಾಚಕರಲ್ಲಿ, ಚಿತ್ರ ತೆಗೆಯುವ ಸಾಧನವೊಂದೂ ಮನೆಯಲ್ಲಿಲ್ಲದವರು ಇಂದು ವಿರಳ. ಕ್ಯಾಮರಾ ಇಲ್ಲದಿದ್ದರೂ ಕೈಯಲ್ಲೊಂದು ಮೊಬೈಲು ಇದ್ದೇ ಇರುವುದು. ಮದುವೆ, ಮುಂಜಿ, ಜಾತ್ರೆ, ಜಲಪಾತ ಯಾವುದನ್ನು ಕಂಡರೂ ಅದನ್ನು ಚಿತ್ರದಲ್ಲಿ ಹಿಡಿದಿಡಬೇಕೆಂಬ ಆಸೆ ಎಲ್ಲರಿಗೂ ಸಹಜವಾದದ್ದು. ಚಿತ್ರಕ್ಕೆ ಬೆಳಕು ಬೇಕೆಂಬುದನ್ನು ಮಕ್ಕಳೂ ಬಲ್ಲರು. ಆದರೆ ಬೆಳಕು ಮಿತಿಮೀರಿದರೂ ಚಿತ್ರ ಕೆಡುವುದು, ಆಗ ಅದನ್ನು ತಡೆಯುವುದಕ್ಕೂ ಒಂದು ಉಪಕರಣ ಬೇಕಾಗುವುದು ಎಂಬ ಸಂಗತಿಯನ್ನು ನಾನು ಅರಿತದ್ದು ನಿವೃತ್ತನಾದ ಮೇಲೆ, ನನ್ನ ಸೋದರಳಿಯನ ದೆಸೆಯಿಂದ. ಸಂಸ್ಕೃತವನ್ನೋದಿ, ಶಾಲೆಯಲ್ಲಿ ಪಾಠ ಹೇಳಿ ಬದುಕಿದ ನನಗೆ ಯಂತ್ರಗಳ ವಿಷಯದಲ್ಲಿ ಪಾಂಡಿತ್ಯವಿಲ್ಲ. ಆದರೂ ಕಲಿತದ್ದನ್ನು ನಾಲ್ಕು ಜನರಿಗೆ ಹೇಳದಿದ್ದರೆ ಸಮಾಧಾನವಾಗದ ಹಳೆಯ ಅಭ್ಯಾಸವು ಇನ್ನೂ ಬಿಟ್ಟಿಲ್ಲವಾದ ಕಾರಣ ಈ ಲೇಖನವನ್ನು ಬರೆಯುತ್ತಿದ್ದೇನೆ.

ಸಿದ್ದಾಪುರ ತಾಲೂಕಿನ ನಮ್ಮ ಮೂಲಮನೆಯಲ್ಲಿ ನನ್ನ ಅಣ್ಣನವರು ಇದ್ದರು. ಆಗ ಅವರಿಗೆ ಎಪ್ಪತ್ತಾರು ವರ್ಷ. ಅಡಿಕೆ ತೋಟದ ಒಂದೊಂದು ಭಾಗವನ್ನೂ ಯಾರು ಯಾವಾಗ ನೆಟ್ಟರು, ಯಾವ ಮಳೆಗಾಲದಲ್ಲಿ ಯಾವ ಏರಿ ಒಡೆಯಿತು ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಬರೆದಿಟ್ಟವರು ಯಾರೂ ಇಲ್ಲ. ಆ ವರ್ಷ ಅವರ ಆರೋಗ್ಯ ಕುಗ್ಗತೊಡಗಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಳಿಯನು ಪುಷ್ಯಮಾಸದಲ್ಲಿ ರಜೆಯ ಮೇಲೆ ಬಂದವನು, “ಮಾವಾ, ದೊಡ್ಡ ಮಾವನವರು ಅಂಗಳದಿಂದ ತೋಟಕ್ಕೆ ನಡೆಯುತ್ತ ಇದನ್ನೆಲ್ಲ ಹೇಳಲಿ; ನಾನು ಚಲಚ್ಚಿತ್ರವಾಗಿ ತೆಗೆಯುತ್ತೇನೆ. ಈ ವರ್ಷ ಬಿಟ್ಟರೆ ಮುಂದೆ ಆದೀತೋ ಇಲ್ಲವೋ” ಎಂದನು. ಅವನು ಬಾಯಿಬಿಟ್ಟು ಹೇಳಿದುದನ್ನು ನಾವೆಲ್ಲರೂ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದೆವು. ನಾನು ಒಪ್ಪಿ ಅವನ ಜೊತೆಗೆ ಹೊರಟೆನು.

ಮೊದಲನೆಯ ದಿನದ ಪ್ರಯತ್ನ ಕೆಟ್ಟಿತು. ಅಂಗಳದಲ್ಲಿ ಚಾಲಿ ಅಡಿಕೆಯನ್ನು ಹರಡಿತ್ತು. ಹತ್ತು ಗಂಟೆಯ ಬಿಸಿಲು ಕಣ್ಣು ಕೋರೈಸುತ್ತಿತ್ತು. ಅಲ್ಲಿ ತೆಗೆದ ಚಿತ್ರದಲ್ಲಿ ಅಣ್ಣನವರ ನಡಿಗೆ ಕೀಲುಗೊಂಬೆಯ ನಡಿಗೆಯಂತೆ ಕುಕ್ಕುಕ್ಕಾಗಿ ಕಂಡಿತು. ಮಾತನಾಡುವಾಗ ಕೈಯಾಡಿಸುವುದು ಅವರ ಸ್ವಭಾವ. ಆ ಕೈ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿದಂತೆ ತೋರಿತು. “ಮಾವಾ, ಬೆಳಕು ಹೆಚ್ಚಾಯಿತು” ಎಂದು ಅಳಿಯನು ಹೇಳಿದಾಗ ನನಗೆ ನಗು ಬಂತು. ಆದರೆ ಅವನು ಕಾರಣವನ್ನು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು.

ನಮ್ಮ ಕಡೆಯ ಮನೆಗಳಲ್ಲಿ ಅಬ್ಬಿಯ ನೀರಿಗೆ ಕೊಡ ಹಿಡಿಯುವ ರೀತಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಕೊಡ ಸರಿಯಾಗಿ ತುಂಬುವುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ನೀರು ಬೀಳುವ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಹಿಡಿದೆವು, ಕೊಡ ಎಷ್ಟು ದೊಡ್ಡದು. ಕ್ಯಾಮರಾದಲ್ಲಿಯೂ ಹಾಗೆಯೇ. ಬೆಳಕು ಒಳಹೊಗುವ ಕಂಡಿಯ ಅಗಲವನ್ನು ಎಫ್ ಎಂಬ ಸಂಖ್ಯೆಯಿಂದ ಹೇಳುವರು. ಸಂಖ್ಯೆ ಹಿರಿದಾದಷ್ಟೂ ಕಂಡಿ ಕಿರಿದು. ಕಂಡಿ ತೆರೆದಿರುವ ಹೊತ್ತನ್ನು ಷಟರಿನ ವೇಗವೆನ್ನುವರು. ಬೆಳಕಿಗೆ ಯಂತ್ರವು ತೋರುವ ಸೂಕ್ಷ್ಮತೆಯನ್ನು ಐ.ಎಸ್.ಒ. ಎಂಬ ಅಂಕಿಯಿಂದ ಅಳೆಯುವರು. ನಮ್ಮ ದೇಶದಲ್ಲಿ ಚಲಚ್ಚಿತ್ರವನ್ನು ಸೆಕೆಂಡಿಗೆ ೨೫ ಚಿತ್ರಗಳಂತೆ ತೆಗೆಯುವ ರೂಢಿ ಹೆಚ್ಚು. ಆಗ ಒಂದೊಂದು ಚಿತ್ರಕ್ಕೂ ಷಟರು ಸೆಕೆಂಡಿನ ೫೦ನೆಯ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಚಲಿಸುವ ಕೈ ತುಸುವೇ ಮಸುಕಾಗಿ, ಒಂದು ಚಿತ್ರ ಮುಂದಿನ ಚಿತ್ರಕ್ಕೆ ಸೇರಿಕೊಂಡು, ನೋಡುವ ಕಣ್ಣಿಗೆ ಚಲನೆ ಸಹಜವೆನಿಸುವುದು. ಆದರೆ ನಿಚ್ಚಳವಾದ ಬಿಸಿಲಿನಲ್ಲಿ, ಐ.ಎಸ್.ಒ. ೧೦೦ ಇರುವಾಗ, ಇಷ್ಟು ಹೊತ್ತು ತೆರೆಯಬೇಕಾದರೆ ಕಂಡಿಯನ್ನು ಎಫ್ ೨೨ರಷ್ಟು ಕಿರಿದು ಮಾಡಬೇಕು. ಹಾಗೆ ಮಾಡಿದರೆ ಹಿಂದಿನ ಬಟ್ಟೆಯ ಹಗ್ಗ, ಕೊಟ್ಟಿಗೆಯ ಮಾಡು ಎಲ್ಲವೂ ಮುಖದಷ್ಟೇ ಸ್ಪಷ್ಟವಾಗಿ ಕಂಡು ಮುಖವು ಅವುಗಳ ನಡುವೆ ಕಳೆದುಹೋಗುವುದು. ಮೇಲಾಗಿ ಅತಿ ಕಿರಿದಾದ ಕಂಡಿಯಲ್ಲಿ ಬೆಳಕು ಚದರಿ ಚಿತ್ರದ ಮೊನಚೂ ಕುಂದುವುದು. ಮುಖ ಎದ್ದು ಕಾಣಲೆಂದು ಅಳಿಯನು ಎಫ್ ೪ ಇಟ್ಟಿದ್ದನು. ಅದಕ್ಕೆ ಸರಿದೂಗಿಸಲು ಷಟರು ಸೆಕೆಂಡಿನ ೧೬೦೦ನೆಯ ಒಂದು ಭಾಗಕ್ಕೆ ಓಡಬೇಕಾಯಿತು. ಕೀಲುಗೊಂಬೆಯ ನಡಿಗೆಗೆ ಇದೇ ಕಾರಣ.

ಇದಕ್ಕೆ ಪರಿಹಾರವಾಗಿ ಮಸೂರದ ಮುಂದೆ ಕಪ್ಪು ಗಾಜನ್ನು ತಿರುಪಿ ಕೂಡಿಸುವರು. ಇಂಗ್ಲಿಷಿನಲ್ಲಿ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್, ಸಂಕ್ಷೇಪವಾಗಿ ಎನ್.ಡಿ. ಫಿಲ್ಟರು ಎಂದು ಇದರ ಹೆಸರು. ಕನ್ನಡದಲ್ಲಿ ತಟಸ್ಥ ಶೋಧಕವೆನ್ನಬಹುದು. ತಟವೆಂದರೆ ದಡ, ಹೊಳೆಗಿಳಿಯದೆ ದಡದಲ್ಲಿ ನಿಂತವನು ತಟಸ್ಥನು. ಕೆಂಪು ಗಾಜು ಕೆಂಪನ್ನು ಮಾತ್ರ ಒಳಗೆ ಬಿಟ್ಟು ಪಕ್ಷಪಾತ ಮಾಡುವುದು. ಈ ಗಾಜು ಯಾವ ಬಣ್ಣದ ಪಕ್ಷವನ್ನೂ ವಹಿಸದೆ ಎಲ್ಲವನ್ನೂ ಸಮನಾಗಿ ಕಡಿಮೆ ಮಾಡುವುದಾದ್ದರಿಂದ ಈ ಹೆಸರು ಒಪ್ಪುವುದು. ಬೆಳಕು ಅರ್ಧವಾದರೆ ಅದನ್ನು ಒಂದು ‘ಸ್ಟಾಪ್’ ಎನ್ನುವರು. ನಾವು ಒಂದು ಮೆಟ್ಟಿಲು ಎನ್ನೋಣ. ಎರಡು ಮೆಟ್ಟಿಲಿಗೆ ಕಾಲು ಪಾಲು, ಮೂರಕ್ಕೆ ಎಂಟನೆಯ ಒಂದು ಪಾಲು, ಹೀಗೆ. ಗಾಜಿನ ಅಂಚಿನಲ್ಲಿ ಎನ್.ಡಿ. ೮ ಎಂದಿದ್ದರೆ ಮೂರು ಮೆಟ್ಟಿಲು, ೬೪ ಎಂದಿದ್ದರೆ ಆರು, ೧೦೦೦ ಎಂದಿದ್ದರೆ ಸುಮಾರು ಹತ್ತು ಎಂದು ತಿಳಿಯಬೇಕು. ನಮ್ಮ ಅಂಗಳದ ಲೆಕ್ಕದಲ್ಲಿ ಎಫ್ ೨೨ರಿಂದ ಎಫ್ ೪ಕ್ಕೆ ಐದು ಮೆಟ್ಟಿಲು, ಅಂದರೆ ಎನ್.ಡಿ. ೩೨ ಬೇಕಾಗಿತ್ತು.

ಆದರೆ ಅಂಗಳದಿಂದ ದಣಪೆ ದಾಟಿ ತೋಟಕ್ಕಿಳಿದೊಡನೆ ಬೆಳಕು ನಾಲ್ಕೈದು ಮೆಟ್ಟಿಲು ಕುಸಿಯುವುದು. ಮಾತಿನ ನಡುವೆ ಮುದುಕರನ್ನು ನಿಲ್ಲಿಸಿ ಗಾಜು ಬದಲಿಸುತ್ತ ಕೂಡಲಾದೀತೆ? ಇಂಥ ಸಂದರ್ಭಕ್ಕಾಗಿಯೇ, ಬಳೆಯನ್ನು ತಿರುಗಿಸಿದಂತೆ ಕಪ್ಪು ಹೆಚ್ಚುಕಡಿಮೆಯಾಗುವ ‘ವೇರಿಯಬಲ್’ ಎನ್.ಡಿ. ಎಂಬುದು ಇದೆ. ಇದರೊಳಗೆ ಒಂದರ ಮೇಲೊಂದು ಎರಡು ಗಾಜುಗಳಿವೆ. ಇವು ಬರಿಯ ಕಪ್ಪು ಗಾಜುಗಳಲ್ಲ, ಧ್ರುವಕಗಳು. ಬೆಳಕು ಅಲೆಯಾಗಿ ಬರುವುದಷ್ಟೆ. ಆ ಅಲೆ ಅಡ್ಡವಾಗಿಯೂ ಉದ್ದವಾಗಿಯೂ ಓರೆಯಾಗಿಯೂ ಆಡುತ್ತಿರುವುದು. ದಣಪೆಯ ಅಡ್ಡಗಳಗಳ ನಡುವೆ ಒಂದು ಹಗ್ಗವನ್ನು ತೂರಿಸಿ ಅಡ್ಡಡ್ಡವಾಗಿ ಕುಲುಕಿದರೆ ಅಲೆ ಆಚೆಗೆ ದಾಟುವುದು; ಮೇಲೆ ಕೆಳಗೆ ಕುಲುಕಿದರೆ ಗಳಕ್ಕೆ ತಾಗಿ ಅಲ್ಲಿಯೇ ಸಾಯುವುದು. ಧ್ರುವಕವೂ ಒಂದು ದಿಕ್ಕಿನ ಅಲೆಯನ್ನು ಮಾತ್ರ ಬಿಡುವುದು. ಎರಡು ಧ್ರುವಕಗಳು ಒಂದೇ ದಿಕ್ಕಿಗಿದ್ದರೆ ಬೆಳಕು ಬರುವುದು. ಒಂದು ಅಡ್ಡ, ಒಂದು ಉದ್ದವಾದರೆ ಕತ್ತಲೆ.

ಈ ತತ್ತ್ವವು ಹೊಸದಲ್ಲ. ಫ್ರಾನ್ಸಿನ ಮಾಲ್ಯೂಸ್ ಎಂಬ ವಿದ್ವಾಂಸನು ೧೮೦೮ರಲ್ಲಿ, ಪ್ಯಾರಿಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಒಂದು ಸ್ಫಟಿಕದ ಮೂಲಕ ನೋಡುತ್ತ, ಸ್ಫಟಿಕವನ್ನು ತಿರುಗಿಸಿದಂತೆ ಬಿಂಬವು ಮಂಕಾಗುವುದನ್ನು ಕಂಡನು. ಯಾವ ಕೋನಕ್ಕೆ ಎಷ್ಟು ಬೆಳಕು ಎಂಬ ನಿಯಮಕ್ಕೆ ಇಂದಿಗೂ ಅವನದೇ ಹೆಸರು. ಅಮೇರಿಕದ ಎಡ್ವಿನ್ ಲ್ಯಾಂಡ್ ಎಂಬವನು ೧೯೨೯ರಲ್ಲಿ ಧ್ರುವಕವನ್ನು ತೆಳುವಾದ ಹಾಳೆಯಾಗಿ ಮಾಡುವ ಉಪಾಯಕ್ಕೆ ಪೇಟೆಂಟನ್ನು ಬೇಡಿದನು. ಮನೆಯಲ್ಲಿ ‘ಪೋಲರಾಯ್ಡ್’ ತಂಪು ಕನ್ನಡಕಗಳು ಎರಡಿದ್ದರೆ ಒಂದರ ಮುಂದೆ ಇನ್ನೊಂದನ್ನು ಹಿಡಿದು ತಿರುಗಿಸಿ ಮಕ್ಕಳಿಗೆ ಈ ಚೋದ್ಯವನ್ನು ತೋರಿಸಬಹುದು. ಒಂದೇ ಇದ್ದರೆ ಅದರ ಮೂಲಕ ಲೆಕ್ಕದ ಯಂತ್ರದ ಅಂಕಿಗಳನ್ನು ನೋಡುತ್ತ ತಿರುಗಿಸಿರಿ; ಒಂದು ಕೋನದಲ್ಲಿ ಅದರ ಮುಖವೆಲ್ಲ ಕಪ್ಪಾಗುವುದು.

ಮಾಲ್ಯೂಸನ ನಿಯಮದ ಲೆಕ್ಕವು ಕೊಳ್ಳುವವರಿಗೆ ಬಹಳ ಉಪಯುಕ್ತವಾದದ್ದು. ಗಾಜು ನಿರ್ದೋಷವಾಗಿದ್ದರೂ ಎರಡು ಧ್ರುವಕಗಳು ಒಂದೇ ದಿಕ್ಕಿಗಿರುವಾಗಲೇ ಅರ್ಧ ಬೆಳಕು ಹೋಗಿರುವುದು. ಬಳೆಯನ್ನು ೪೫ ಅಂಶ ತಿರುಗಿಸಿದರೆ ಉಳಿಯುವುದು ಕಾಲು ಪಾಲು. ೬೦ ಅಂಶಕ್ಕೆ ಎಂಟನೆಯ ಒಂದು. ೭೫ ಅಂಶಕ್ಕೆ ಹೆಚ್ಚುಕಡಿಮೆ ೩೦ನೆಯ ಒಂದು. ೮೦ಕ್ಕೆ ಸುಮಾರು ೬೬ನೆಯ ಒಂದು. ೮೫ಕ್ಕೆ ೨೬೦ನೆಯ ಒಂದಕ್ಕಿಂತಲೂ ಕಡಿಮೆ. ಮೊದಲಿನ ೬೦ ಅಂಶಗಳಲ್ಲಿ ಎರಡೇ ಮೆಟ್ಟಿಲು ಇಳಿದವರು ಕೊನೆಯ ಐದು ಅಂಶಗಳಲ್ಲಿ ಮತ್ತೆ ಎರಡು ಮೆಟ್ಟಿಲು ಉರುಳುವರು. ತಂಬೂರಿಯ ಶ್ರುತಿ ಸೇರುವ ಹೊತ್ತಿಗೆ ಬಿರಡೆಯನ್ನು ಎಷ್ಟು ಮೆಲ್ಲಗೆ ತಿರುಗಿಸಬೇಕೋ ಅಷ್ಟೇ ಮೆಲ್ಲಗೆ ಇಲ್ಲಿಯೂ ಕೈಯಾಡಬೇಕು. ಇನ್ನೊಂದು ದೋಷವೂ ಉಂಟು. ಕಪ್ಪು ತೀರ ಹೆಚ್ಚಾದಾಗ, ವಿಶಾಲ ದೃಶ್ಯವನ್ನು ಹಿಡಿಯುವ ಮಸೂರದಲ್ಲಿ, ಮೂಲೆಗಳಿಂದ ಓರೆಯಾಗಿ ಬರುವ ಬೆಳಕಿಗೆ ಧ್ರುವಕಗಳ ಕೋನ ಬೇರೆಯಾಗಿ, ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ಅಡ್ಡಪಟ್ಟಿಗಳು ಮೂಡುವುವು.

ಇದು ನಮಗೆ ಓದಿ ತಿಳಿದದ್ದಲ್ಲ, ಕೆಡಿಸಿ ತಿಳಿದದ್ದು. ಅಳಿಯನು ಪೇಟೆಗೆ ಹೋಗಿ ಅಗ್ಗದ ಗಾಜೊಂದನ್ನು ಕೊಂಡು ತಂದನು. ಅಣ್ಣನವರು ಅದನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸದೆ, ನೆಲದ ಕಡೆಗೆ ನೋಡಿ, “ಏನೋ ಹುಡುಗಾ, ಹಣ ಕೊಟ್ಟು ಕತ್ತಲೆಯನ್ನು ಕೊಂಡು ತಂದೆಯೇನು? ಮಳೆಗಾಲದಲ್ಲಿ ಬಂದಿದ್ದರೆ ಪುಕ್ಕಟೆ ಸಿಗುತ್ತಿತ್ತಲ್ಲ!” ಎಂದರು. ಎರಡನೆಯ ದಿನ ನಡಿಗೆಯೇನೋ ಸಹಜವಾಯಿತು. ಆದರೆ ಅಂಗಳದ ಚಿತ್ರದಲ್ಲಿ ಆ ಕಪ್ಪು ಪಟ್ಟಿಗಳು ಬಿದ್ದವು. ಮುಖಕ್ಕೆ ನೇರಳೆಯ ಛಾಯೆ ಬಂದು, ಅಣ್ಣನವರು ಇದ್ದುದಕ್ಕಿಂತಲೂ ಹೆಚ್ಚು ರೋಗಿಯಾಗಿ ಕಂಡರು. ಅದನ್ನು ನೋಡಿ ಅತ್ತಿಗೆಯವರು ಎದ್ದು ಒಳಗೆ ಹೋದರು. ತಟಸ್ಥವೆಂಬ ಹೆಸರಿಟ್ಟುಕೊಂಡ ಗಾಜು ತಟಸ್ಥವಾಗಿರದಿದ್ದರೆ ಆಗುವ ಅನರ್ಥವಿದು.

ಅಳಿಯನು ಸ್ನೇಹಿತನೊಬ್ಬನಿಂದ ಒಳ್ಳೆಯ ಗಾಜನ್ನು ಎರವಲು ತರಿಸಿದನು. ಅದರ ಬಳೆಗೆ ಎರಡು ಮೆಟ್ಟಿಲಿನಲ್ಲೊಂದು, ಐದು ಮೆಟ್ಟಿಲಿನಲ್ಲೊಂದು ತಡೆಯಿತ್ತು. ಪಟ್ಟಿ ಮೂಡುವ ಕೋನಕ್ಕೆ ಅದು ಹೋಗುತ್ತಲೇ ಇರಲಿಲ್ಲ. ಅಂಗಳದಲ್ಲಿ ಐದರ ಗೆರೆಗೆ ಇಟ್ಟು ಆರಂಭಿಸಿ, ಅಣ್ಣನವರು ದಣಪೆಯ ಕಡೆಗೆ ನಡೆದಂತೆ ಬಳೆಯನ್ನು ಮೆಲ್ಲಗೆ ಸಡಿಲಿಸುತ್ತ ಬಂದು, ತೋಟದ ನೆರಳಿಗೆ ಕಾಲಿಟ್ಟಾಗ ಎರಡಕ್ಕೆ ತಂದನು. ಅಲ್ಲಿ ಬೆಳಕು ಸಾಲದಾಯಿತು. ಯಾಕೆಂದರೆ ಈ ಗಾಜು ಎಷ್ಟು ಸಡಿಲಿಸಿದರೂ ಎರಡು ಮೆಟ್ಟಿಲು ಬೆಳಕನ್ನು ಇಟ್ಟುಕೊಂಡೇ ತೀರುವುದು. ಆ ಕೊರತೆಯನ್ನು ಐ.ಎಸ್.ಒ. ಏರಿಸಿ ತುಂಬಿದನು. ಹೀಗೆ ಒಂದೇ ನಡಿಗೆಯಲ್ಲಿ, ಮಾತು ಕಡಿಯದೆ, ಬಿಸಿಲಿನಿಂದ ನೆರಳಿಗೆ ಇಪ್ಪತ್ತು ನಿಮಿಷಗಳ ಚಿತ್ರವು ಸಿದ್ಧವಾಯಿತು.

ಅಷ್ಟರಲ್ಲಿ ನನಗೂ ಈ ವಿದ್ಯೆಯ ರುಚಿ ಹತ್ತಿತು. ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಸುತ್ತಣ ಜಲಪಾತಗಳಿಗೆ ಅಳಿಯನೊಡನೆ ತಿರುಗಿದೆನು. ನಿಶ್ಚಲಚಿತ್ರದಲ್ಲಿ ಈ ಗಾಜಿನ ಉಪಯೋಗ ಬೇರೆ. ಷಟರನ್ನು ಅರ್ಧ ಸೆಕೆಂಡು ಅಥವಾ ಒಂದು ಸೆಕೆಂಡು ತೆರೆದಿಟ್ಟರೆ ಬೀಳುವ ನೀರು ಹಾಲಿನ ಧಾರೆಯಂತೆಯೂ ಹತ್ತಿಯ ಎಳೆಯಂತೆಯೂ ಕಾಣುವುದು. ಹತ್ತೊಂಬತ್ತನೆಯ ಶತಮಾನದ ಜಲಪಾತಗಳ ಚಿತ್ರಗಳಲ್ಲಿ ನೀರು ಹೀಗೆಯೇ ಕಾಣುವುದು. ಆಗಿನ ಫಲಕಗಳು ಮಂದವಾಗಿದ್ದು ಬಹಳ ಹೊತ್ತು ಬೆಳಕು ಬೇಡುತ್ತಿದ್ದುದೇ ಅದಕ್ಕೆ ಕಾರಣ. ಅಂದು ಅನಿವಾರ್ಯವಾಗಿದ್ದ ನಿಧಾನವನ್ನು ಇಂದು ಗಾಜಿಟ್ಟು ಸಂಪಾದಿಸಬೇಕಾಗಿದೆ. ಯಲ್ಲಾಪುರ ತಾಲೂಕಿನ ಸಾತೊಡ್ಡಿಯು ಹದಿನೈದು ಮೀಟರಿನಷ್ಟು ಎತ್ತರದ, ಬಂಡೆಗಳ ಮೇಲೆ ಹರವಾಗಿ ಇಳಿಯುವ ನೀರು. ಮೋಡದ ದಿನ ಎಫ್ ೧೧ಕ್ಕೆ ಸೆಕೆಂಡಿನ ೧೫ನೆಯ ಒಂದು ಭಾಗ ಬೇಕಾದಲ್ಲಿ ನಾಲ್ಕು ಮೆಟ್ಟಿಲಿನ ಗಾಜಿಟ್ಟರೆ ಒಂದು ಸೆಕೆಂಡು ದೊರೆಯುವುದು. ಅದು ಅಲ್ಲಿಗೆ ಸೊಗಸು. ಉಂಚಳ್ಳಿಯ ಮಾತು ಬೇರೆ. ಸಿದ್ದಾಪುರ ತಾಲೂಕಿನ ಈ ಸ್ಥಳದಲ್ಲಿ ಅಘನಾಶಿನಿಯು ೧೧೬ ಮೀಟರು ಕೆಳಗೆ ಧುಮುಕುವಳು. ೧೮೪೫ರಲ್ಲಿ ಇಲ್ಲಿಗೆ ಬಂದ ಲಷಿಂಗ್ಟನ್ ಎಂಬ ಕಲೆಕ್ಟರನ ಹೆಸರೂ ಇದಕ್ಕಿದೆ; ಆರ್ಭಟಕ್ಕೆ ಕಿವಿ ಕೆಪ್ಪಾಗುವುದೆಂದು ಊರವರು ಕೆಪ್ಪ ಜೋಗವೆನ್ನುವರು. ಇಂಥ ಮಹಾಪ್ರವಾಹವನ್ನು ಒಂದು ಸೆಕೆಂಡು ಹಿಡಿದರೆ ಬರಿಯ ಬಿಳಿಯ ಬಟ್ಟೆಯನ್ನು ತೂಗಹಾಕಿದಂತಾಗಿ ಅದರ ರಭಸವೇ ಸತ್ತುಹೋಗುವುದು. ಅಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗ ಸಾಕು. ಎರಡು ಕಡೆಗಳಲ್ಲಿಯೂ ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ಅಲುಗದಂತೆ ನಿಲ್ಲಿಸಿ, ಗಾಜನ್ನು ಸಡಿಲಿಸಿದ ಸ್ಥಿತಿಯಲ್ಲಿ ಚಿತ್ರವನ್ನು ಸ್ಪಷ್ಟಗೊಳಿಸಿಕೊಂಡು, ಅನಂತರ ಕಪ್ಪು ಮಾಡಬೇಕು.

ಧ್ರುವಕದಿಂದಾದ ಗಾಜಾದ್ದರಿಂದ ಇದು ಬೆಳಕನ್ನು ಕಡಿಮೆ ಮಾಡುವುದರ ಜೊತೆಗೆ ಕೇಳದೆಯೇ ಬೇರೆ ಕೆಲಸವನ್ನೂ ಮಾಡುವುದು. ಜೋಗದ ತುಂತುರಿನಲ್ಲಿ ಮೂಡುವ ಕಾಮನಬಿಲ್ಲಿನ ಬೆಳಕು ಬಹುಪಾಲು ಒಂದೇ ದಿಕ್ಕಿಗೆ ಆಡುವಂಥದು. ಬಳೆಯನ್ನು ತಿರುಗಿಸುತ್ತಿರುವಾಗ ಬಿಲ್ಲಿನ ಒಂದು ಭಾಗ ಕಣ್ಣೆದುರೇ ಅಳಿಸಿಹೋಗುವುದುಂಟು. ಸೂರ್ಯನಿಗೆ ತೊಂಬತ್ತು ಅಂಶಗಳ ಪಕ್ಕದಲ್ಲಿರುವ ಆಕಾಶವು ಒಂದು ಕಡೆ ಮಾತ್ರ ಕಪ್ಪಾಗುವುದು. ಇದೇ ಗುಣವು ಸಿರಸಿಯ ಸಮೀಪದ ಸಹಸ್ರಲಿಂಗದಲ್ಲಿ ಉಪಕಾರಕ. ಸೋಂದೆಯ ಅರಸನಾದ ಸದಾಶಿವರಾಯನ ಕಾಲದವೆಂದು ಹೇಳುವ ಅಲ್ಲಿಯ ಲಿಂಗಗಳು ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಲ್ಪಟ್ಟಿವೆ. ನೀರಿನ ಮೇಲಣ ಹೊಳಪು ಧ್ರುವಕದಿಂದ ಕತ್ತರಿಸಿಹೋದರೆ, ತಿಳಿನೀರಿನಡಿಯ ಲಿಂಗವೂ ಸ್ಪಷ್ಟವಾಗಿ ಕಾಣುವುದು. ಆದರೆ ಅದಕ್ಕೆ ಜೋಡಿ ಗಾಜು ಬೇಡ. ಒಂದೇ ಧ್ರುವಕವುಳ್ಳ ಫಿಲ್ಟರೇ ಮೇಲು. ಜೋಡಿ ಗಾಜಿನಲ್ಲಿ ಹೊಳಪಿಗೆಂದು ತಿರುಗಿಸಿದರೆ ಕಪ್ಪು ಬದಲಾಗುವುದು, ಕಪ್ಪಿಗೆಂದು ತಿರುಗಿಸಿದರೆ ಹೊಳಪು ಮರಳುವುದು.

ಕೊಳ್ಳುವವರಿಗೆ ಕೆಲವು ಮಾತು. ಸ್ಥಿರಚಿತ್ರವನ್ನಷ್ಟೇ ತೆಗೆಯುವವರು ಮಾರ್ಪಡದ ಸಾದಾ ಎನ್.ಡಿ. ಗಾಜನ್ನು ಕೊಳ್ಳುವುದೇ ಲೇಸು. ಅದಕ್ಕೆ ಪಟ್ಟಿಯ ಭಯವಿಲ್ಲ. ಬಿಸಿಲು ನೆರಳುಗಳಲ್ಲಿ ಚಲಚ್ಚಿತ್ರ ತೆಗೆಯುವವರಿಗೆ ಮಾತ್ರ ತಿರುಗುವ ಗಾಜು ಬೇಕು. ಅಂಗಡಿಯಲ್ಲಿಯೇ ಬಿಳಿಯ ಕಾಗದವನ್ನು ಅದರ ಮೂಲಕ ಚಿತ್ರ ತೆಗೆದು, ಬಣ್ಣ ತಿರುಗಿತೇ ಎಂದು ನೋಡಬೇಕು. ಹಲವು ಮಸೂರಗಳಿದ್ದರೆ ಎಲ್ಲಕ್ಕಿಂತ ಅಗಲವಾದುದಕ್ಕೆ ಒಂದು ಗಾಜನ್ನು ಕೊಂಡು, ಉಳಿದವಕ್ಕೆ ಅಗ್ಗವಾದ ಜೋಡಣೆಯ ಬಳೆಗಳನ್ನು ಹಾಕಿದರೆ ಹಣ ಉಳಿಯುವುದು. ಮೊಬೈಲಿನ ಕಂಡಿಯು ಸಾಮಾನ್ಯವಾಗಿ ಬದಲಾಗದಂಥದು. ಅದಕ್ಕೂ ಹಿಡಿಕೆಯಿಂದ ಗಾಜನ್ನು ಕಚ್ಚಿಸಬಹುದು. ಆದರೆ ಷಟರನ್ನು ನಾವೇ ನಿಲ್ಲಿಸುವ ಅನುಕೂಲ ಅದರಲ್ಲಿರಬೇಕು. ಇಲ್ಲವಾದರೆ ಯಂತ್ರವು ನಮ್ಮ ಶ್ರಮವನ್ನು ತನ್ನಷ್ಟಕ್ಕೆ ತಿದ್ದಿ ವ್ಯರ್ಥಮಾಡುವುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಜಿಗೂ ಮಸೂರಕ್ಕೂ ಬೂಷ್ಟು ಬರುವುದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಒದ್ದೆಯಾದುದನ್ನು ಒರಸಿ ಒಣಗಿಸದೆ ಮುಚ್ಚಬಾರದು.

ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ನನ್ನ ಮಾಸ್ತರಿಕೆಗೆ ದೋಷ ಬರುವುದು. ಮೊದಲನೆಯದು ಕಣ್ಣಿನದು. ಈ ಗಾಜು ಎಷ್ಟೇ ಕಪ್ಪಾಗಿದ್ದರೂ ಅದರ ಮೂಲಕ ಸೂರ್ಯನನ್ನು ನೋಡತಕ್ಕದ್ದಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆದರೂ ಕಾಣದ ಅವರಕ್ತ ಕಿರಣಗಳು ನುಗ್ಗಿ ಒಳಗಣ್ಣನ್ನು ನೋವಿಲ್ಲದೆ ಸುಡಬಲ್ಲವು. ೨೦೧೯ರ ಡಿಸೆಂಬರ್ ೨೬ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಗ್ರಹಣವೂ ನಮ್ಮಲ್ಲಿ ಪಾರ್ಶ್ವಗ್ರಹಣವೂ ಕಂಡವು. ಅಂಥ ದಿನಗಳಿಗೆ ಸೂರ್ಯವೀಕ್ಷಣೆಗೆಂದೇ ಮಾಡಿದ ಕನ್ನಡಕವೇ ಬೇಕು. ಎರಡನೆಯದು ಕಾಲಿನದು. ಚಿತ್ರ ತೆಗೆಯುವವನ ದೃಷ್ಟಿ ಪರದೆಯ ಮೇಲಿರುವುದು. ಕಾಲ ಕೆಳಗಿನ ಬಂಡೆಯ ಮೇಲೆ ಹಾವಸೆಯಿರುವುದು. ಮೇಲ್ಗಡೆಯಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಇದ್ದಕ್ಕಿದ್ದಂತೆ ಏರುವುದು. ಒಂದು ಸೆಕೆಂಡಿನ ಚಿತ್ರಕ್ಕಾಗಿ ನೀರಿಗಿಳಿಯುವ ತರುಣರನ್ನು ನೋಡಿದಾಗ ನನ್ನ ಎದೆ ಝಲ್ಲೆನ್ನುವುದು. ಗಾಜು ಮಾತ್ರ ತಟಸ್ಥವಾದರೆ ಸಾಲದು, ಅದನ್ನು ಹಿಡಿದವನೂ ತಟಸ್ಥನಾಗಿ ದಡದಲ್ಲಿಯೇ ನಿಲ್ಲಬೇಕು. ಹತ್ತಿರದ ಚಿತ್ರ ಬೇಕಾದರೆ ದೂರವನ್ನು ಸಮೀಪಿಸುವ ಮಸೂರ ಕೊಳ್ಳಲಿ. ಜೀವಕ್ಕಿಂತ ಅದು ಅಗ್ಗ.

ಅಣ್ಣನವರು ಮುಂದಿನ ಶ್ರಾವಣವನ್ನು ಕಾಣಲಿಲ್ಲ. ವರ್ಷಾಂತದ ದಿನ ಮನೆಮಂದಿಯೆಲ್ಲ ಕುಳಿತು ಆ ಇಪ್ಪತ್ತು ನಿಮಿಷಗಳ ಚಿತ್ರವನ್ನು ನೋಡಿದೆವು. ಅಂಗಳದ ಬಿಸಿಲಿನಲ್ಲಿ ಕಣ್ಣಿಗೆ ಕೈ ಮರೆಮಾಡಿಕೊಂಡು ಅವರು ನಡೆದು ಬರುವರು. ದಣಪೆಯ ಬಳಿ ಒಂದು ಕ್ಷಣ ನಿಂತು ಉಸಿರು ತೆಗೆದುಕೊಳ್ಳುವರು. ತೋಟದ ನೆರಳಿನಲ್ಲಿ ಒಂದು ಮರಕ್ಕೆ ಅಂಗೈಯಿಟ್ಟು, ಅದನ್ನು ತಮ್ಮ ತಾಯಿ ನೆಟ್ಟದ್ದೆಂದು ಹೇಳುವರು. ಆ ಸಂಗತಿ ನನಗೂ ತಿಳಿದಿರಲಿಲ್ಲ. ಕೈ ಎಲ್ಲಿಯೂ ಹಾರುವುದಿಲ್ಲ, ಮುಖಕ್ಕೆ ಬೇರೆ ಬಣ್ಣವಿಲ್ಲ. ಅವರು ಹೇಗೆ ನಡೆಯುತ್ತಿದ್ದರೋ ಹಾಗೆಯೇ ನಡೆಯುವರು. ಚಿತ್ರ ಮುಗಿದ ಮೇಲೆ ಅತ್ತಿಗೆಯವರು ಈ ಸಲ ಎದ್ದು ಹೋಗಲಿಲ್ಲ. “ಇನ್ನೊಮ್ಮೆ ಹಾಕು” ಎಂದರು.

ಹಣ ಕೊಟ್ಟು ಕತ್ತಲೆ ಕೊಂಡ ಲೆಕ್ಕ ಅಂದು ಸರಿಹೋಯಿತು. ಮನೆಯಲ್ಲಿ ಹಿರಿಯರಿರುವ ವಾಚಕರು ಈ ಗಾಜನ್ನು ಕೊಳ್ಳಲಿ, ಬಿಡಲಿ. ಎರವಲು ತಂದರೂ ನಡೆಯುವುದು. ಆದರೆ ಅವರ ನಡಿಗೆಯನ್ನೂ ಮಾತನ್ನೂ ಹಿಡಿದಿಡುವ ಕೆಲಸವನ್ನು ಮುಂದಿನ ಬೇಸಗೆಗೆ ತಳ್ಳದಿರಲಿ ಎಂದು ನನ್ನ ವಿಜ್ಞಾಪನೆ.